ಹಚ್ಚೆ ಹಾಕಿಸಿದ ಕೈಗೆ ಹದಿನೈದು ದಿನದ ಆರೈಕೆ ಬೇಡವೇ?

ಜತ್ತ ತಾಲೂಕಿನ ಪೂರ್ವ ಭಾಗದ ಒಂದು ಹಳ್ಳಿಯ ಕಾಲೇಜು ಹುಡುಗ. ಜಾತ್ರೆಗೆ ಹೋದವನು ಮುನ್ನೂರು ರೂಪಾಯಿ ಕೊಟ್ಟು ಬಲಗೈ ಮೇಲೆ ಕನ್ನಡ ಅಕ್ಷರದಲ್ಲಿ ‘ಅವ್ವ’ ಎಂದು ಹಚ್ಚೆ ಹಾಕಿಸಿಕೊಂಡು ಬಂದ. ಅಂಗಡಿಯವ ಸುತ್ತಿಕೊಟ್ಟ ಪ್ಲಾಸ್ಟಿಕ್ ಹಾಳೆಯನ್ನು ಎರಡು ದಿನ ಬಿಚ್ಚಲೇ ಇಲ್ಲ. ಮೂರನೇ ದಿನ ಮನೆಯಲ್ಲಿ ಅರಿಷಿಣ ಎಣ್ಣೆ ಕಲಸಿ ಹಚ್ಚಿದರು. ನಾಲ್ಕನೇ ದಿನ ಗೆಳೆಯರ ಜೊತೆ ಬಾವಿಗೆ ಬಿದ್ದು ಈಜಿದ. ತುರಿಕೆ ಎದ್ದಾಗ ಹಕ್ಕಳೆ ಕಿತ್ತ. ಆರನೇ ದಿನ ಕೈ ಊದಿ, ಕೀವು ತುಂಬಿ, ಮೈಯಲ್ಲಿ ಜ್ವರ ಬಂದು ದವಾಖಾನೆ ಬಾಗಿಲಿಗೆ ಬಂದು ಕುಳಿತ.

“ಹಾಕಿಸ್ಕೊಂಡ ಮ್ಯಾಲೆ ಏನ್ ಮಾಡ್ಬೇಕಂತ ಯಾರೂ ಹೇಳ್ಲಿಲ್ಲೇನೋ ತಮ್ಮಾ?” ಎಂದು ಡಾಕ್ಟರರು ಕೇಳಿದರೆ ಹುಡುಗ ಹೇಳಿದ ಉತ್ತರ ಇಷ್ಟೇ: “ಒಂದು ಚೀಟಿ ಕೊಟ್ಟಿದ್ರರಿ. ಇಂಗ್ಲಿಷಿನ್ಯಾಗ ಇತ್ತು, ಓದ್ಲಿಲ್ರಿ.”

ಗುಳಿಗೆ, ಇಂಜೆಕ್ಷನ್ ಆಗಿ ಕೈ ವಾಸಿಯಾಯಿತು. ಆದರೆ ಹಕ್ಕಳೆ ಕಿತ್ತ ಜಾಗದಲ್ಲಿ ಬಣ್ಣವೂ ಕಿತ್ತು ಬಂದು ಕೆಳಗಿನ ಒತ್ತಕ್ಷರ ಅಳಿಸಿಹೋಗಿದೆ. ‘ಅವ್ವ’ ಹೋಗಿ ‘ಅವ’ ಆಗಿದೆ. ಊರ ಹುಡುಗರು ನಗುತ್ತಾರೆ. ಅವನ ತಾಯಿ ಮಾತ್ರ ನಗುತ್ತಿಲ್ಲ. ಹದಿನೈದು ದಿನ ಕೂಲಿ ಬಿಟ್ಟು ಮಗನ ಕೈ ನೋಡಿಕೊಂಡವಳು ಅವಳು.

ತಪ್ಪು ಯಾರದು? ‘ಈಗಿನ ಹುಡುಗರ ಹುಚ್ಚು’ ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಸೂಜಿ ಚುಚ್ಚಿ ಕಾಸು ಎಣಿಸಿಕೊಂಡವನು ಐದು ನಿಮಿಷ ಕೂತು, ಹುಡುಗನಿಗೆ ತಿಳಿಯುವ ಮಾತಿನಲ್ಲಿ ನಾಲ್ಕು ಸಂಗತಿ ಹೇಳಿದ್ದರೆ ಈ ಗತಿ ಬರುತ್ತಿತ್ತೇ ಎಂಬುದೇ ಕೇಳಬೇಕಾದ ಪ್ರಶ್ನೆ.

ಹಚ್ಚೆ ಹೊಸದಲ್ಲ, ಮಷಿನ್ ಹೊಸದು

ಈ ಭಾಗಕ್ಕೆ ಹಚ್ಚೆ ನಿನ್ನೆ ಮೊನ್ನೆ ಬಂದದ್ದಲ್ಲ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ಕಡೆಯ ಯಾವ ಹಳ್ಳಿಗೆ ಹೋದರೂ ಮುಂಗೈ ಮೇಲೆ, ಗದ್ದದ ಮೇಲೆ ಹಸಿರು ಚುಕ್ಕಿ ಇರುವ ಮುದುಕಿಯರು ಸಿಗುತ್ತಾರೆ. ಕನ್ನಡದವರು ಅದನ್ನು ಹಚ್ಚಿ ಅಂದರು, ಮರಾಠಿಯವರು ಗೋಂದಣ ಅಂದರು. ಹೆಸರು ಎರಡು, ಸೂಜಿ ಒಂದೇ. ‘ಸತ್ತ ಮೇಲೆ ಮೈ ಮೇಲಿನ ಬಂಗಾರ ಬಿಚ್ಕೋತಾರ, ಹಚ್ಚಿ ಮಾತ್ರ ಸಂಗಾಟ ಬರ್ತೈತಿ’ ಎಂಬ ಮಾತನ್ನು ಎರಡೂ ಭಾಷೆಯ ಅಜ್ಜಿಯರು ಹೇಳುತ್ತಾರೆ.

ಆಗ ಹಚ್ಚೆ ಹಾಕುತ್ತಿದ್ದವಳು ಕೊರವರ ಹೆಣ್ಣುಮಗಳು. ದೀಪದ ಕಾಡಿಗೆ, ಸೊಪ್ಪಿನ ರಸ, ಎರಡು ಮೂರು ಸೂಜಿಗಳ ಕಟ್ಟು, ಇಷ್ಟೇ ಅವಳ ಅಂಗಡಿ. ಒಂದೇ ಸೂಜಿ ಇಡೀ ಓಣಿಗೆ ಆಗುತ್ತಿತ್ತು ಎಂಬುದನ್ನು ಮರೆಯಬಾರದು. ಆಗಿನದೆಲ್ಲ ಚೆಂದ ಇತ್ತು ಎಂದು ಹೊಗಳುವಂತಿಲ್ಲ. ಆದರೆ ಅವಳು ಚುಚ್ಚಿದ ಮೇಲೆ ಎದ್ದು ಓಡುತ್ತಿರಲಿಲ್ಲ. ಅರಿಷಿಣ ಹಚ್ಚಿ, ‘ಹಿಂಗ ಮಾಡವ್ವಾ, ಹಂಗ ಮಾಡಬ್ಯಾಡ’ ಎಂದು ಹೇಳಿ ಹೋಗುತ್ತಿದ್ದಳು. ಮುಂದಿನ ಸಲ ಅದೇ ಓಣಿಗೆ ಬರಬೇಕಿತ್ತಲ್ಲ!

ಈಗ ಬಂದಿರುವುದು ಕರೆಂಟಿನ ಮಷಿನ್. ಸಂಕ್ರಾಂತಿಯ ಸಿದ್ಧರಾಮೇಶ್ವರ ಗಡ್ಡಾ ಯಾತ್ರೆ ಇರಲಿ, ಗುಡ್ಡಾಪುರ ದಾನಮ್ಮದೇವಿ ಯಾತ್ರೆ ಇರಲಿ, ಜನ ಸೇರುವಲ್ಲಿ ಹಚ್ಚೆಯ ಅಂಗಡಿಯೂ ಸೇರುತ್ತದೆ. ಅಂಗಡಿಯವನು ಇವತ್ತು ಈ ಜಾತ್ರೆ, ನಾಳೆ ಇನ್ನೊಂದು ಜಿಲ್ಲೆ. ಐದನೇ ದಿನ ಕೈ ಊದಿದರೆ ಕೇಳಲು ಅವನು ಅಲ್ಲಿರುವುದಿಲ್ಲ. ಹಾಗಾಗಿ ಹೇಳುವುದನ್ನೆಲ್ಲ ಅವನು ಅಂದೇ ಹೇಳಬೇಕು.

ಮೊದಲು ಇದು ಗಾಯ, ಆಮೇಲೆ ಚಿತ್ರ

ಹಚ್ಚೆ ಹಾಕಿಸಿಕೊಂಡವರು ಮೊದಲು ತಿಳಿಯಬೇಕಾದದ್ದು ಇದನ್ನೇ. ಸೂಜಿಯು ಶಾಯಿಯನ್ನು ಚರ್ಮದ ಮೇಲ್ಪದರ ದಾಟಿಸಿ ಎರಡನೇ ಪದರಕ್ಕೆ, ಅಂದಾಜು ಒಂದರಿಂದ ಎರಡು ಮಿಲಿಮೀಟರ್ ಆಳಕ್ಕೆ ಇಳಿಸುತ್ತದೆ. ಸಣ್ಣ ಚಿತ್ರಕ್ಕೂ ಸಾವಿರಾರು ಸಲ ಚುಚ್ಚಬೇಕು. ಅಲ್ಲಿಗೆ ಧಾವಿಸುವ ಮೈಯೊಳಗಿನ ಕಾವಲು ಕಣಗಳು ಶಾಯಿಯನ್ನು ನುಂಗಿ ಅಲ್ಲೇ ಕೂರುತ್ತವೆ. ಹಚ್ಚೆ ಜೀವಮಾನವಿಡೀ ಉಳಿಯುವುದು ಹೀಗೆ. ಆದರೆ ಮೇಲಿನ ಚರ್ಮ ಕೂಡುವ ತನಕ ಅದು ಬಾಯಿ ತೆರೆದ ಗಾಯ. ಮೊಣಕಾಲು ತರಚಿದರೆ ಎಷ್ಟು ಜೋಪಾನ ಮಾಡುತ್ತೇವೋ ಅದಕ್ಕಿಂತ ಹೆಚ್ಚು ಜೋಪಾನ ಇದಕ್ಕೆ ಬೇಕು.

ಮೇಲಿನ ಚರ್ಮ ಕೂಡಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಒಳಗಿನದು ಪೂರ್ತಿ ಮಾಗಲು ಕೆಲವು ತಿಂಗಳೇ ಹಿಡಿಯುತ್ತವೆ. ಮೊದಲ ಎರಡು ವಾರ ಸರಿಯಾಗಿ ನಡೆದರೆ ಮುಕ್ಕಾಲು ಕೆಲಸ ಆದಂತೆ.

ದಿನ ದಿನದ ಲೆಕ್ಕ

ಮೊದಲ ದಿನ ನೀರು, ತುಸು ರಕ್ತ, ಹೆಚ್ಚಾದ ಶಾಯಿ ಜಿನುಗುತ್ತದೆ. ಇದಕ್ಕೆ ಹೆದರಬೇಕಿಲ್ಲ. ಅಂಗಡಿಯವನು ಸುತ್ತಿದ್ದು ಸಾದಾ ಪ್ಲಾಸ್ಟಿಕ್ ಹಾಳೆಯಾದರೆ ಕೆಲವು ತಾಸಿನಲ್ಲಿ ತೆಗೆಯಬೇಕು. ಒಳಗೆ ಬೆವರು ನಿಂತು ಗಾಯ ಕೊಳೆಯಲು ಅದೇ ದಾರಿ. ಗಾಯಕ್ಕೆಂದೇ ತಯಾರಾದ, ಅಂಟಿಕೊಳ್ಳುವ ತೆಳು ಪಾರದರ್ಶಕ ಪಟ್ಟಿ ಬೇರೆ, ಅದನ್ನು ಕೆಲವು ದಿನ ಇಟ್ಟುಕೊಳ್ಳಬಹುದು. ತನಗೆ ಹಾಕಿದ್ದು ಇವೆರಡರಲ್ಲಿ ಯಾವುದು ಎಂದು ಅಲ್ಲೇ ಕೇಳಿ ತಿಳಿದುಕೊಳ್ಳಬೇಕು.

ತೆಗೆದ ಮೇಲೆ ಮೊದಲು ಸ್ವಂತ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಎಲ್ಲರೂ ಮರೆಯುವುದು ಇದನ್ನೇ. ಆಮೇಲೆ ಉಗುರುಬೆಚ್ಚನೆಯ ಶುದ್ಧ ನೀರು, ವಾಸನೆ ಹೆಚ್ಚಿಲ್ಲದ ಸಾದಾ ಸಾಬೂನು ಹಾಕಿ ಬೆರಳ ತುದಿಯಿಂದ ಮೆಲ್ಲಗೆ ತೊಳೆಯಬೇಕು. ಮೈ ತಿಕ್ಕುವ ಕಲ್ಲು, ನಾರು ಸೋಕಿಸುವಂತಿಲ್ಲ. ಮನೆಮಂದಿಯೆಲ್ಲ ಒರೆಸಿಕೊಳ್ಳುವ ಟವೆಲ್ಲೂ ಬೇಡ. ಒಗೆದು ಒಣಗಿಸಿದ ಮೆತ್ತನೆ ಬಟ್ಟೆಯಿಂದ ಉಜ್ಜದೆ, ಒತ್ತಿ ಒತ್ತಿ ನೀರು ಆರಿಸಬೇಕು. ದಿನಕ್ಕೆ ಎರಡು ಸಲ ಹೀಗೆ ಮಾಡಿದರೆ ಸಾಕು.

ಮೇಲೆ ಹಚ್ಚುವುದು ವಾಸನೆ ಇಲ್ಲದ ಸಾದಾ ಕ್ರೀಮು, ಅದೂ ತೆಳ್ಳಗೆ. ರೊಟ್ಟಿಗೆ ಬೆಣ್ಣೆ ಬಳಿದಂತೆ ದಪ್ಪ ಬಳಿದರೆ ಗಾಯ ಉಸಿರುಗಟ್ಟಿದಂತೆ ಆಗುತ್ತದೆ. ವ್ಯಾಸಲೀನಿನಂಥ ಜಿಡ್ಡಿನ ಮುಲಾಮಿಗಿಂತ ನೀರಿನ ಅಂಶ ಹೆಚ್ಚಿರುವ ಕ್ರೀಮು ಒಳ್ಳೆಯದು ಎಂಬುದು ಚರ್ಮವೈದ್ಯರ ಸಲಹೆ.

ಎರಡನೇ ದಿನದಿಂದ ನಾಲ್ಕನೇ ದಿನದವರೆಗೆ ಕೆಂಪು, ತುಸು ಬಾವು, ಬಿಸಿಲಿಗೆ ಸುಟ್ಟಂಥ ಉರಿ ಇರುತ್ತದೆ. ದಿನ ಕಳೆದಂತೆ ಅದು ಇಳಿಯಬೇಕು. ನಾಲ್ಕೈದನೇ ದಿನದಿಂದ ಚರ್ಮ ಸುಲಿಯಲು ಶುರುವಾಗುತ್ತದೆ, ತುರಿಕೆ ಏಳುತ್ತದೆ. ನಿಜವಾದ ಪರೀಕ್ಷೆ ಆಗಲೇ. ತುರಿಸಿದರೆ, ಹಕ್ಕಳೆ ಕಿತ್ತರೆ ಶಾಯಿಯೂ ಜೊತೆಗೆ ಬರುತ್ತದೆ, ಉಗುರಿನ ಹೊಲಸು ಒಳಗೆ ಹೋಗುತ್ತದೆ. ತಡೆಯಲಾಗದಿದ್ದರೆ ತೊಳೆದ ಅಂಗೈಯಿಂದ ಮೆಲ್ಲಗೆ ಒತ್ತಬಹುದು, ತೆಳ್ಳಗೆ ಕ್ರೀಮು ಹಚ್ಚಬಹುದು. ಒಣಗಿದ್ದು ತಾನೇ ಉದುರಲಿ. ಕನ್ನಡ ಅಕ್ಷರ ಬರೆಸಿಕೊಂಡವರಿಗೆ ಇದು ಇನ್ನೂ ಮುಖ್ಯ. ಒತ್ತು, ದೀರ್ಘ, ಸೊನ್ನೆ ಎಲ್ಲವೂ ಸಣ್ಣ ಗೆರೆಗಳು. ಒಂದು ಹಕ್ಕಳೆ ಕಿತ್ತರೆ ಸಾಕು, ಅರ್ಥವೇ ಬದಲಾಗುತ್ತದೆ.

ಅರಿಷಿಣದ ಮಾತು

ಇಲ್ಲಿ ಹಿರಿಯರಿಗೆ ಸಿಟ್ಟು ಬರಬಹುದು. “ನಾವು ಅರಿಷಿಣ ಹಚ್ಚೇ ದೊಡ್ಡವರಾಗೀವಿ, ಏನಾಗೈತಿ?” ಎನ್ನುತ್ತಾರೆ. ಅರಿಷಿಣದಲ್ಲಿ ಗುಣ ಇಲ್ಲ ಎಂದಲ್ಲ. ಆದರೆ ಅಡುಗೆಮನೆಯ ಡಬ್ಬಿಯಲ್ಲಿ ಹತ್ತು ಕೈ ಅದ್ದಿದ ಪುಡಿ ಗಾಯಕ್ಕೆ ಹಚ್ಚುವಷ್ಟು ಶುದ್ಧ ಇರುವುದಿಲ್ಲ. ಪೇಟೆಯ ಪುಡಿಗೆ ಏನು ಬೆರೆಸಿರುತ್ತಾರೋ ಅದೂ ತಿಳಿಯದು. ಒಲೆಯ ಬೂದಿ, ಸುಣ್ಣ, ಟೂತ್‌ಪೇಸ್ಟ್ ಇವಂತೂ ಬೇಡವೇ ಬೇಡ. ದೇವರ ಭಂಡಾರ ಹಣೆಗೆ ಇರಲಿ, ಹಸಿ ಗಾಯಕ್ಕೆ ಬೇಡ. ಇದರಲ್ಲಿ ಭಕ್ತಿಗೆ ಕುಂದೇನೂ ಇಲ್ಲ.

ಇನ್ನೊಂದು ರೂಢಿ ಅರಿಷಿಣಕ್ಕಿಂತ ಕೆಟ್ಟದ್ದು. ಮೆಡಿಕಲ್ ಅಂಗಡಿಗೆ ಹೋಗಿ ‘ತುರಿಕೆಗೆ ಏನಾರ ಕೊಡ್ರಿ’ ಎಂದು ಕೇಳಿ ತರುವ ಸ್ಟಿರಾಯ್ಡ್ ಬೆರೆತ ಕ್ರೀಮು. ಅದು ತುರಿಕೆಯನ್ನು ಎರಡು ದಿನ ಅಡಗಿಸುತ್ತದೆ, ಒಳಗಿನ ಸೋಂಕನ್ನು ಮುಚ್ಚಿಡುತ್ತದೆ, ಗಾಯ ಕೂಡುವುದನ್ನು ತಡಮಾಡುತ್ತದೆ. ಡಾಕ್ಟರರ ಚೀಟಿ ಇಲ್ಲದೆ ಅದನ್ನು ಮುಟ್ಟಬಾರದು.

ನೀರು, ಬಿಸಿಲು, ಕೆಲಸ

ಶುದ್ಧ ನೀರಿನಿಂದ ತೊಳೆಯುವುದು ಬೇರೆ, ನೀರಿನಲ್ಲಿ ಮುಳುಗುವುದು ಬೇರೆ. ಎರಡು ಮೂರು ವಾರ ಬಾವಿ, ಕೆರೆ, ಕಾಲುವೆ, ಹೊಳೆ ಯಾವುದರಲ್ಲೂ ಇಳಿಯಬಾರದು. ಆಷಾಢಿಗೆ ಪಂಢರಪುರಕ್ಕೆ ಹೋದವರು ಅಲ್ಲೇ ಪಾಂಡುರಂಗನ ಹಚ್ಚೆ ಹಾಕಿಸಿಕೊಂಡು, ಅಲ್ಲೇ ಚಂದ್ರಭಾಗೆಯಲ್ಲಿ ಮುಳುಗುತ್ತಾರೆ. ಲಕ್ಷಾಂತರ ಮಂದಿ ಮಿಂದ ನೀರು ಹಸಿ ಗಾಯದೊಳಗೆ ಹೋಗುತ್ತದೆ. ಸ್ನಾನ ಮೊದಲು ಮುಗಿಯಲಿ, ಹಚ್ಚೆ ಆಮೇಲೆ ಆಗಲಿ. ಇಷ್ಟು ಹಿಂದುಮುಂದು ಮಾಡಿದರೆ ಪುಣ್ಯವೂ ಬಂತು, ಕೈಯೂ ಉಳಿಯಿತು.

ಅಮೆರಿಕದ ಟೆಕ್ಸಾಸ್‌ನಲ್ಲಿ 31 ವರ್ಷದ ವ್ಯಕ್ತಿಯೊಬ್ಬ ಹಚ್ಚೆ ಹಾಕಿಸಿಕೊಂಡ ಐದೇ ದಿನಕ್ಕೆ ಮೆಕ್ಸಿಕೋ ಕೊಲ್ಲಿಯಲ್ಲಿ ಈಜಿ, ಸಮುದ್ರದ ನೀರಿನ ರೋಗಾಣು ಮೈ ಸೇರಿ ಸುಮಾರು ಎರಡು ತಿಂಗಳಲ್ಲಿ ತೀರಿಕೊಂಡ ವಿಷಯ 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಅವನಿಗೆ ಮೊದಲೇ ಲಿವರ್ ಕಾಯಿಲೆ ಇತ್ತು, ಆ ರೋಗಾಣು ಬೆಚ್ಚನೆಯ ಉಪ್ಪುನೀರಿನದು. ಭೀಮೆಯಲ್ಲೂ ಹಾಗೆಯೇ ಆಗುತ್ತದೆ ಎಂದು ಹೆದರಿಸುವುದು ಸಲ್ಲದು. ಆದರೆ ಹೊಳೆ ನೀರಿಗೂ ಅದರದೇ ರೋಗಾಣುಗಳಿವೆ. ತೆರೆದ ಗಾಯ ಮತ್ತು ತೆರೆದ ನೀರು ಕೂಡಬಾರದು ಎಂಬ ಪಾಠ ಎಲ್ಲ ಊರಿಗೂ ಒಂದೇ.

ಬಿಸಿಲಿನ ಮಾತು ಸೊಲ್ಲಾಪುರದವರಿಗೆ ಬೇರೆ ಹೇಳಬೇಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು. ಹೊಸ ಹಚ್ಚೆಗೆ ನೇರ ಬಿಸಿಲು ಬಿದ್ದರೆ ಚರ್ಮ ಸುಡುತ್ತದೆ, ಬಣ್ಣ ಮಾಸುತ್ತದೆ. ಗಾಯ ಮಾಗುವವರೆಗೆ ಸಡಿಲ ಹತ್ತಿ ಬಟ್ಟೆಯ ತೋಳೇ ಸಾಕು. ಸನ್‌ಸ್ಕ್ರೀನ್ ಹಚ್ಚುವುದಿದ್ದರೆ ಚರ್ಮ ಪೂರ್ತಿ ಕೂಡಿದ ಮೇಲೆ.

ಇಂಗ್ಲಿಷ್ ಚೀಟಿಯಲ್ಲಿ ಇಲ್ಲದ ಸಂಗತಿ ಒಂದಿದೆ. ಈ ಭಾಗದವರ ಕೆಲಸವೇ ಬೇರೆ. ಕಬ್ಬು ಕಡಿಯುವವರ ತೋಳನ್ನು ರವದಿ ಕೊಯ್ಯುತ್ತದೆ. ಪವರ್‌ಲೂಮ್‌ನಲ್ಲಿ ಹತ್ತಿಯ ಧೂಳು, ಬಣ್ಣದ ನೀರು. ಬೀಡಿ ಕಟ್ಟುವ ಹೆಣ್ಣುಮಕ್ಕಳ ಕೈಗೆ ದಿನವಿಡೀ ತಂಬಾಕಿನ ಪುಡಿ. ದನಕರು ಕಟ್ಟುವವರಿಗೆ ಸಗಣಿ. ಇಂಥವರು ಕೆಲಸ ಬಿಟ್ಟು ಎರಡು ವಾರ ಮನೆಯಲ್ಲಿ ಕೂರಲಾಗದು. ಆದ್ದರಿಂದ ಕೆಲಸದ ಹೊತ್ತಿಗೆ ಗಾಯವನ್ನು ಸ್ವಚ್ಛ ಸಡಿಲ ಬಟ್ಟೆಯಿಂದ ಮುಚ್ಚಿಕೊಳ್ಳಬೇಕು, ಕೆಲಸ ಮುಗಿದ ಕೂಡಲೇ ತೊಳೆದುಕೊಳ್ಳಬೇಕು. ಅದಕ್ಕಿಂತ ಜಾಣತನ ಎಂದರೆ ಕಬ್ಬಿನ ಹಂಗಾಮು ಮುಗಿದ ಮೇಲೆ ಹಾಕಿಸಿಕೊಳ್ಳುವುದು.

ಯಾವಾಗ ಓಡಬೇಕು?

ಮೂರು ನಾಲ್ಕು ದಿನ ಕಳೆದರೂ ನೋವು ಇಳಿಯದೆ ಏರುತ್ತಿದ್ದರೆ, ಕೆಂಪು ಚಿತ್ರದ ಅಂಚು ದಾಟಿ ಹರಡುತ್ತಿದ್ದರೆ, ಮುಟ್ಟಿದರೆ ಬಿಸಿ ಅನಿಸಿದರೆ, ಕೀವು, ದುರ್ವಾಸನೆ ಬಂದರೆ, ಜ್ವರ ನಡುಕ ಇದ್ದರೆ, ಕೈ ಮೇಲೆ ಕೆಂಪು ಗೆರೆ ಎದ್ದರೆ, ಕಂಕುಳಲ್ಲಿ ಗಡ್ಡೆ ಕಟ್ಟಿದರೆ ಅಂದೇ ಡಾಕ್ಟರರಿಗೆ ತೋರಿಸಬೇಕು. ‘ಸೋಮವಾರ ನೋಡೋಣ’ ಎನ್ನಬಾರದು. ಸಕ್ಕರೆ ಕಾಯಿಲೆ ಇದ್ದವರು ಹಾಕಿಸಿಕೊಳ್ಳುವ ಮೊದಲೇ ಕೇಳುವುದು ಒಳಿತು. ಗಾಯದ ಕಲೆ ಉಬ್ಬಿ ಬೆಳೆಯುವ ಮೈಯವರೂ ಹಾಗೆಯೇ.

ಕೆಲವು ಸೋಂಕು ತಡವಾಗಿ ಬರುತ್ತದೆ. ಅಮೆರಿಕದ ರಾಚೆಸ್ಟರ್ ನಗರದಲ್ಲಿ 2011ರ ಕೊನೆಯಲ್ಲಿ ಹಚ್ಚೆ ಹಾಕಿಸಿಕೊಂಡ 19 ಜನರಿಗೆ ಶಾಯಿಯಿಂದಲೇ ಸೋಂಕು ತಗುಲಿತ್ತು. ಅಂಗಡಿಯವ ಶುದ್ಧವಿದ್ದರೂ ಶಾಯಿ ಕೆಟ್ಟಿರಬಹುದು ಎಂಬುದು ಅದರಿಂದ ಗೊತ್ತಾಯಿತು. ವಾಸಿಯಾದ ಹಚ್ಚೆಯ ಮೇಲೆ ಎರಡು ಮೂರು ವಾರ ಬಿಟ್ಟು ಗುಳ್ಳೆ ಎದ್ದರೆ ‘ಉಷ್ಣ ಆಗೇತಿ’ ಎಂದು ಸುಮ್ಮನಿರಬಾರದು. ಶಾಯಿಗೆ ನಿಯಂತ್ರಣ ಬೇಕೆಂಬ ಮಾತನ್ನು 2025ರಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯೂ ಎತ್ತಿದೆ.

ಆರೈಕೆ ಎಷ್ಟು ಮಾಡಿದರೂ ತೊಳೆದುಹೋಗದ್ದು ಒಂದಿದೆ, ಸೂಜಿಯ ದೋಷ. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಬಳಸಿದರೆ ಕಾಮಾಲೆಯ ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ ಅಂಟುವ ಅಪಾಯ ಇದೆ. ಇವು ಐದನೇ ದಿನ ಕೀವಾಗಿ ಕಾಣುವುದಿಲ್ಲ, ವರ್ಷಗಟ್ಟಲೆ ಸುಳಿವು ಕೊಡುವುದಿಲ್ಲ. ಕಣ್ಣೆದುರಿಗೇ ಹೊಸ ಸೂಜಿಯ ಪಾಕೀಟು ಒಡೆಯದಿದ್ದರೆ, ಶಾಯಿಯನ್ನು ಹೊಸ ಮುಚ್ಚಳಕ್ಕೆ ಸುರಿಯದಿದ್ದರೆ ಎದ್ದು ಬರಬೇಕು. ಹಚ್ಚೆ ಹಾಕಿಸಿಕೊಂಡವರಿಂದ 12 ತಿಂಗಳು ರಕ್ತ ತೆಗೆದುಕೊಳ್ಳಬಾರದು ಎಂದು ದೇಶದ ರಕ್ತದಾನದ ನಿಯಮ ಹೇಳುವುದು ಇದೇ ಕಾರಣಕ್ಕೆ. ಶಿಬಿರಕ್ಕೆ ಹೋಗುವ ಯುವಕರು ಇದನ್ನು ಮುಚ್ಚಿಡಬಾರದು.

ಹೇಳಬೇಕಾದವರು ಯಾರು?

‘ಸಾಲಿನಲ್ಲಿ ನಲವತ್ತು ಗಿರಾಕಿ ನಿಂತಿರ್ತಾರ, ಒಬ್ಬೊಬ್ಬರಿಗೆ ಪುರಾಣ ಹೇಳ್ಕೋತ ಕುಂತ್ರ ಹೊಟ್ಟಿ ತುಂಬ್ತೈತೇನು?’ ಎಂಬುದು ಅಂಗಡಿಯವರ ಮಾತು. ಅವರದೂ ಹೊಟ್ಟೆಪಾಡೇ, ಜಾತ್ರೆಯ ನಾಲ್ಕು ದಿನವೇ ಅವರ ಗಳಿಕೆ. ಅವರನ್ನು ಓಡಿಸಿದರೆ ಯಾರಿಗೂ ಲಾಭವಿಲ್ಲ. ಹಚ್ಚೆ ಕದ್ದುಮುಚ್ಚಿ ನಡೆಯುತ್ತದೆ ಅಷ್ಟೇ. ಆದರೆ ಚುಚ್ಚುವ ಹೊತ್ತಿನಲ್ಲೇ ಬಾಯಿ ಬಿಡುವಾಗಿರುತ್ತದೆ. ಆಗಲೇ ಹೇಳಬಹುದು. ಜೊತೆಗೆ ಕನ್ನಡ ಒಂದು ಬದಿ, ಮರಾಠಿ ಒಂದು ಬದಿ ಇರುವ ಅಂಗೈಯಗಲದ ಚೀಟಿ ಕೊಡಬಹುದು. ಚೀಟಿಗೆ ತಗಲುವುದು ಒಂದು ಚಹಾದ ಕಾಸೂ ಅಲ್ಲ.

ಲೆಕ್ಕ ನೋಡಿದರೂ ಇದೇ ಸರಿ. ಒಂದು ಸಾಬೂನು, ಒಂದು ಸಾದಾ ಕ್ರೀಮು, ಒಗೆದ ಎರಡು ತುಂಡು ಬಟ್ಟೆ. ನೂರಿನ್ನೂರರಲ್ಲಿ ಹದಿನೈದು ದಿನದ ಆರೈಕೆ ಮುಗಿಯುತ್ತದೆ. ಕೈ ಕೆಟ್ಟರೆ ಔಷಧಿ, ಹೋಗಿ ಬರುವ ಬಸ್ ಚಾರ್ಜು, ಇಬ್ಬರ ಕೂಲಿ ಕೂಡಿ ಸಾವಿರಗಳ ಮಾತು. ಜಮಾ ಖರ್ಚು ಬರೆದ ಯಾರಿಗಾದರೂ ಇದು ತಿಳಿಯುತ್ತದೆ.

ಅಂಗಡಿಯವರನ್ನಷ್ಟೇ ನಂಬಿ ಕೂರಲಾಗದು. ಜಾಗ ಹಂಚಿ ಬಾಡಿಗೆ ವಸೂಲು ಮಾಡುವ ಯಾತ್ರಾ ಕಮಿಟಿಗಳು, ಗ್ರಾಮ ಪಂಚಾಯತಿಗಳು ಹಚ್ಚೆ ಅಂಗಡಿಗೆ ಮೂರು ಶರತ್ತು ಹಾಕಲಿ: ಪ್ರತಿ ಗಿರಾಕಿಗೆ ಹೊಸ ಸೂಜಿ, ಕೈ ತೊಳೆಯಲು ನೀರು ಸಾಬೂನು, ಎರಡು ಭಾಷೆಯ ಚೀಟಿ. ಜಾತ್ರೆಯಲ್ಲಿ ಹೇಗೂ ಆರೋಗ್ಯ ಇಲಾಖೆಯ ಟೆಂಟ್ ಇರುತ್ತದೆ. ಅಲ್ಲಿಯೂ ಒಂದು ಫಲಕ ನಿಲ್ಲಲಿ. ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಜಾತ್ರೆಯ ಹಿಂದಿನ ವಾರ ಮಕ್ಕಳಿಗೆ ಮಾಸ್ತರರು ಹತ್ತು ನಿಮಿಷ ಹೇಳಿದರೂ ಸುದ್ದಿ ಮನೆ ಮನೆ ಮುಟ್ಟುತ್ತದೆ.

ಚೀಟಿ ಕನ್ನಡದಲ್ಲಿ ಬೇಕು ಎಂಬುದು ಭಾಷೆಯ ಜಗಳವಲ್ಲ. ಮನೆಯಲ್ಲಿ ಗಾಯ ನೋಡಿಕೊಳ್ಳುವವರು ತಾಯಂದಿರು, ಅಜ್ಜಿಯರು. ಅವರಿಗೆ ತಿಳಿಯದ ಚೀಟಿ ರದ್ದಿಗೆ ಸಮ. ಸೊಲ್ಲಾಪುರದ ಮನೆಯಲ್ಲಿ ಅವ್ವ ಕನ್ನಡದವಳಿರಬಹುದು, ಪಕ್ಕದ ಮನೆಯ ಮಾವಶಿ ಮರಾಠಿಯವಳಿರಬಹುದು. ಇಬ್ಬರಿಗೂ ತಿಳಿಯುವಂತೆ ಹೇಳಿದರೆ ಮಾತ್ರ ಹೇಳಿದಂತೆ.

‘ಹಚ್ಚೆಯೇ ಬೇಡ’ ಎನ್ನುವ ಹಿರಿಯರ ಮಾತಿಗೂ ಬೆಲೆ ಇದೆ. ಬೇಡ ಎನ್ನುವವರು ಬೇಡ ಎನ್ನಲಿ. ಆದರೆ ಹಾಕಿಸಿಕೊಂಡು ಮನೆಗೆ ಬಂದ ಮಗನನ್ನು, ಮಗಳನ್ನು ಬೈದರೆ ಅವರು ಗಾಯವನ್ನು ತೋಳಿನೊಳಗೆ ಅಡಗಿಸುತ್ತಾರೆ. ಅಡಗಿಸಿದ ಗಾಯವೇ ಹುಣ್ಣಾಗುವುದು. ಬೈಗುಳ ಹದಿನೈದು ದಿನ ಮುಂದಕ್ಕೆ ಹೋಗಲಿ. ಮೊದಲು ಬೆಚ್ಚಗಿನ ನೀರು, ಸಾಬೂನು ಮುಂದೆ ಬರಲಿ.

ಜತ್ತದ ಆ ಹುಡುಗ ಅಳಿಸಿಹೋದ ಒತ್ತಕ್ಷರವನ್ನು ಮತ್ತೆ ಬರೆಸಬೇಕು ಎನ್ನುತ್ತಿದ್ದಾನೆ. ಚರ್ಮ ಪೂರ್ತಿ ಮಾಗುವ ತನಕ ಕೆಲವು ತಿಂಗಳು ತಡೆ ಎಂದು ಡಾಕ್ಟರರು ಹೇಳಿದ್ದಾರೆ. “ಈ ಸಲ ನಾನೂ ಸಂಗಾಟ ಬರ್ತೀನಿ. ಏನ್ ಮಾಡ್ಬೇಕು ಅಂತ ನಾನ ಕೇಳ್ಕೊಂಡು ಬರ್ತೀನಿ” ಎಂದು ಅವನ ತಾಯಿ ಅಂದಿದ್ದಾಳೆ. ಅವಳು ಕನ್ನಡದಲ್ಲಿ ಕೇಳುತ್ತಾಳೆ. ಮುಂದಿನ ಜಾತ್ರೆಯೊಳಗೆ ಅವಳಿಗೆ ಕನ್ನಡದಲ್ಲಿ ಉತ್ತರ ಸಿಗುವಂತೆ ಯಾತ್ರಾ ಕಮಿಟಿಯವರು, ಆರೋಗ್ಯ ಇಲಾಖೆಯವರು ಮನಸ್ಸು ಮಾಡಲಿ.